ಅರ್ಜೆಂಟ್ ಮೇಲ್‌ಗಳ ಫೋಲ್ಡರ್

ಪೀಣ್ಯದ ನಮ್ಮ ಗೇರ್ ತಯಾರಿಸುವ ಶೆಡ್ಡಿನ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನೇ. ವಿಷಯದ ಸಾಲಿನಲ್ಲಿ ‘ಅರ್ಜೆಂಟ್’ ಎಂದಿರುವ ಮೇಲ್‌ಗಳು ಮಾತ್ರ ಮಾಲೀಕರಾದ ಮೇಡಂ ಫೋನಿಗೆ ಹೋಗುವಂತೆ ಒಮ್ಮೆ ಫಿಲ್ಟರ್ ಹಾಕಿಕೊಟ್ಟೆ. ಮಧ್ಯಾಹ್ನದೊಳಗೆ ಅವರ ಫೋನು ಬಡಿದುಕೊಂಡು ಸುಸ್ತಾಯಿತು. ಇಲ್ಲಿ ಕೊಟೇಶನ್ ಕೇಳುವವರೂ ಅರ್ಜೆಂಟ್, ಹಬ್ಬದ ಶುಭಾಶಯ ಹೇಳುವವರೂ ಅರ್ಜೆಂಟ್! ನಿಜವಾಗಿ ಕಷ್ಟದಲ್ಲಿದ್ದ ಹಳೆಯ ಗಿರಾಕಿ ಮಾತ್ರ ‘ಮೆಷಿನ್ ನಿಂತಿದೆ, ಬಿಡುವಾದಾಗ ನೋಡಿ’ ಎಂದು ಬರೆದಿದ್ದರು. ಅದು ಕಣ್ಣಿಗೆ ಬಿದ್ದದ್ದು ಸಂಜೆ.

“ಉಲ್ಟಾ ಮಾಡ್ರೀ,” ಎಂದರು ಮೇಡಂ. “ಅರ್ಜೆಂಟ್ ಅನ್ನೋವೆಲ್ಲ ಒಂದು ಫೋಲ್ಡರಲ್ಲಿ ಬಿದ್ದಿರ್ಲಿ. ಉಳಿದಿದ್ದು ಮಾತ್ರ ನಂಗೆ ಬರ್ಲಿ.”

ಹಾಗೇ ಮಾಡಿದೆ. ಶೆಡ್ಡಿಗೆ ನೆಮ್ಮದಿ ಬಂತು.

ಮುಂದಿನ ವಾರ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ ಅವರ ಫೋನು ಬಂತು. “ಎಲ್ರೀ ಇದ್ದೀರಾ?”

“ರಜೆ ಬೇಕೂಂತ ಬೆಳಿಗ್ಗೇನೇ ಮೇಲ್ ಹಾಕಿದ್ನಲ್ಲಾ ಮೇಡಂ!”

“ಏನಂತ ಹಾಕಿದ್ರಿ?”

“ಅರ್ಜೆಂಟ್ ರಜೆ ಅಂತ,” ಎಂದೆ.