ನೀರು ಬಿಡುವ ಕಾಕಾ

ಕಬ್ಬಿಣದ ಪೈಪಿಗೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಹುಬ್ಬಿನ ಮೇಲೆಲ್ಲ ಊರ ಸುತ್ತಲಿನ ಕಲ್ಲುಗಣಿಯ ಬಿಳಿ ಧೂಳು. ಎಷ್ಟೋ ಹೊತ್ತಿನ ಮೇಲೆ ಮುಖದಲ್ಲಿ ಮೆಲ್ಲಗೆ ನಗು ಹರಡುತ್ತಿತ್ತು. "ಬರಾಕತ್ತದ, ಕೊಡ ಇಡ್ರಿ," ಎನ್ನುತ್ತಿದ್ದರು. ನಮ್ಮೂರಿಗೆ ನೀರು ಕೊಡುವ ಕಾಗಿಣಾ ನದಿ ಅವರೊಬ್ಬರಿಗೇ ಕೇಳುವಂತೆ ಏನೋ ಹೇಳಿತೆಂದು ನನಗೆ ಅನ್ನಿಸುತ್ತಿತ್ತು.

ಶಹಾಬಾದಿನ ನಮ್ಮ ಓಣಿಗೆ ನೀರು ಬಿಡುವುದು ಅವರ ಕೆಲಸ. ನಮಗೆಲ್ಲ ಅವರು ಕಾಕಾ. ನಾನು ಮದುವೆಯಾಗಿ ಬಂದಾಗ ದಿನಾ ಬೆಳಿಗ್ಗೆ ನೀರು ಬರುತ್ತಿತ್ತು. ಆಮೇಲೆ ಕೆಲಸ ಹುಡುಕಿಕೊಂಡು ಬಂದವರು ಊರಾಚೆ ಮನೆ ಹೂಡಿದರು. ನಮ್ಮ ಓಣಿಯ ಮನೆಗಳೂ ಒಂದು ಎರಡಾದವು, ಎರಡು ನಾಲ್ಕಾದವು. ನೀರಿನ ಟಾಕಿ ಮಾತ್ರ ಅದೇ ಹಳೆಯದು. ನೀರು ನಾಲ್ಕು ದಿನಕ್ಕೊಮ್ಮೆ, ಕೊನೆಗೆ ವಾರಕ್ಕೊಮ್ಮೆ ಆಯಿತು.

ಒಂದು ಬೇಸಿಗೆಯಲ್ಲಿ, ಊರಾಚೆಯ ಮನೆಗಳಿಗೆ ನೀರು ಬಿಡಬಾರದೆಂದು ನಾವು ಹೆಂಗಸರು ವಾಲ್ವಿನ ಗುಂಡಿ ಮುಚ್ಚಿದ್ದ ಪರಸಿ ಕಲ್ಲಿನ ಚಪ್ಪಡಿಯ ಮೇಲೆ ಕೂತುಬಿಟ್ಟೆವು. ಮುಂದೆ ಕೂತವಳು ನಾನೇ.

"ಮೊದ್ಲಿಂದ ಇದ್ದವ್ರು ನಾವ್ರಿ ಕಾಕಾ. ಅವ್ರಿಗೆ ಬಿಟ್ರ ನಮಗೇನು ಉಳೀತದ?" ಎಂದೆ.

ಕಾಕಾ ಸಿಟ್ಟಾಗಲಿಲ್ಲ. "ಮಂದಿ ಭಾಳ ಆಗ್ಯಾರವ್ವಾ, ಹೊಳಿ ಅಷ್ಟೇ ಅದ. ಯಾರ್ನ ಬ್ಯಾಡ ಅನ್ಲಿ? ನೀನೇ ಬಂದು ನೋಡು. ನೀ ಹೇಳಿದಂಗ ಮಾಡ್ತೀನಿ," ಎಂದು ನಡೆದರು. ನಾನು ಹಿಂದೆ ಹೋದೆ.

ಅಲ್ಲಿ ತಗಡಿನ ಮನೆಯೊಂದರಲ್ಲಿ ಹಸಿ ಬಾಣಂತಿಯೊಬ್ಬಳಿದ್ದಳು. ಮಗುವಿನ ಬಟ್ಟೆಗಳು ಒಗೆಯದೆ ಮೂಲೆಯಲ್ಲಿ ಬಿದ್ದಿದ್ದವು. ನಾನು ಯಾಕೆ ಬಂದೆನೆಂದು ಅವಳಿಗೆ ತಿಳಿಯದು. "ಬಿಸಲಾಗ ಬಂದೀರಿ, ಕುಂದ್ರಿ ಅಕ್ಕಾ," ಎಂದು ಕೊಡ ಓರೆ ಮಾಡಿ, ತಳದಲ್ಲಿದ್ದುದನ್ನೆಲ್ಲ ಲೋಟಕ್ಕೆ ಬಗ್ಗಿಸಿ ನನ್ನ ಕೈಗಿಟ್ಟಳು. ತಗಡಿನ ಸಂದಿಯಿಂದ ಬಿದ್ದ ಬೆಳಕು ಆ ನೀರಿನಲ್ಲಿ ನಡುಗುತ್ತಿತ್ತು. ಎಷ್ಟು ಹೊತ್ತು ನೋಡುತ್ತ ಕೂತೆನೋ. ಕುಡಿಯಲಾಗಲಿಲ್ಲ. ಲೋಟವನ್ನು ಅವಳಿಗೇ ಮರಳಿಸಿ ಎದ್ದು ಬಂದೆ.

"ಇವ್ರಿಗೂ ನೀರು ಬಿಡ್ರಿ ಕಾಕಾ," ಎಂದೆ, ಅಷ್ಟೇ.

ಕಲ್ಲಿನ ಮೇಲೆ ಕೂತಿದ್ದವರನ್ನು ನಾನೇ ಎಬ್ಬಿಸಿದೆ. ಕೆಲವರು ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಅಂದಿನಿಂದ ಆ ಕಡೆಗೂ ಈ ಕಡೆಗೂ ಒಂದೊಂದು ತಾಸು ನೀರು. ಆ ದಿನ ಕಾಕಾ ನನ್ನನ್ನು ಕರೆದೊಯ್ಯದಿದ್ದರೆ ನಾನು ಎಂಥವಳಾಗಿ ಉಳಿಯುತ್ತಿದ್ದೆನೋ.

ಹೋದ ವರ್ಷ ಅವರು ತೀರಿಕೊಂಡರು. ನೀರು ಬಂದು ಆರು ದಿನವಾಗಿತ್ತು; ಅವರ ಮನೆಯ ಹಂಡೆಯೂ ಬರಿದು. ಕೊನೆಯ ಸಲ ಮೈತೊಳೆಯಲು ನೀರಿಲ್ಲವೆಂದು ಅವರ ಹೆಂಡತಿ ತಲೆತಗ್ಗಿಸಿ ಕೂತಿದ್ದರು. ಮೊದಲು ಒಬ್ಬಾಕೆ ತನ್ನ ಮನೆಯಿಂದ ಒಂದು ತಂಬಿಗೆ ನೀರು ಹಿಡಿದು ಬಂದಳು. ಆಮೇಲೆ ಎರಡೂ ಕಡೆಯಿಂದ ಮಂದಿ ಬರುತ್ತಲೇ ಇದ್ದರು, ಕನಸಿನಲ್ಲಿ ನಡೆದು ಬಂದವರಂತೆ, ಸದ್ದಿಲ್ಲದೆ. ಹಂಡೆ ತುಂಬಿ ಅಂಗಳಕ್ಕೆ ಹರಿಯಿತು. ನಮ್ಮ ಓಣಿಯಲ್ಲಿ ನೀರು ತುಂಬಿ ಚೆಲ್ಲಿದ್ದನ್ನು ಎಷ್ಟೋ ವರ್ಷಗಳ ಮೇಲೆ ಕಂಡದ್ದು ಅವತ್ತೇ.