ಗದ್ದಲ ಅಳಿಸುವ ಡಬ್ಬಿ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯ ಗ್ರೈಂಡರ್ ಶೆಡ್ಡು, ಖಾನಾಪುರದ ನಮ್ಮ ಮನೆಯ ದೇವರ ಕೋಣೆಗಿಂತ ಶಾಂತವಾಗಿದೆ!

ಇದು ನನ್ನ ಮಾತಲ್ಲ. ಮಂಗಳವಾರ ಆ ಶೆಡ್ಡಿನೊಳಗೇ ನಿಂತು, ಎಲ್ಲರ ಎದುರು, ನನ್ನ ಲ್ಯಾಪ್‌ಟಾಪ್ ಹೇಳಿದ ಮಾತು.

ಮೊದಲಿನಿಂದ ಹೇಳುತ್ತೇನೆ. ಈರಪ್ಪ ಕಾಕಾ ನನ್ನ ಅಪ್ಪನ ತಮ್ಮ. ದಿನಾ ಖಾನಾಪುರದಿಂದ ಬಸ್ಸು ಹಿಡಿದು ಆ ಕಾರ್ಖಾನೆಗೆ ಹೋಗುತ್ತಾನೆ. ಎರಕದ ತುಂಡುಗಳನ್ನು ಗ್ರೈಂಡರಿಗೆ ಹಿಡಿದು ಅಂಚು ಉಜ್ಜುವ ಕೆಲಸ. ಇತ್ತೀಚೆಗೆ ಅವನ ಜೊತೆ ಮಾತಾಡುವುದೆಂದರೆ ಜಗಳ ಮಾಡಿದಂತೆ. ಅವನ ಹೆಂಡತಿ, ನಮ್ಮ ಕಾಕು, "ಚಹಾ ಬೇಕೇನ್ರಿ?" ಎಂದರೆ "ಶಹಾಪುರಕ್ಕ ಯಾಕ?" ಎನ್ನುತ್ತಾನೆ.

ನಾವು ನಕ್ಕೆವು. ಕಿವಿ ಡಾಕ್ಟರು ನಗಲಿಲ್ಲ. "ಹೋದ ಕಿವಿ ತಿರುಗಿ ಬರಂಗಿಲ್ರಿ. ಇದ್ದಷ್ಟರ ಉಳಿಸ್ಕೋರಿ. ಆ ಮಷೀನ್ ಮುಂದಿಂದ ಸರೀರಿ" ಎಂದರು.

ಕಾಕಾ ಹೋಗಿ ಪ್ಯಾಕಿಂಗ್ ಕೆಲಸ ಕೇಳಿದ. ಮಾಲಕರು ಕೆಟ್ಟವರೇನಲ್ಲ. (ದೀಪಾವಳಿಗೆ ಮನೆಗೇ ಮಿಠಾಯಿ ಕಳಿಸುತ್ತಾರೆ.) ಆದರೆ ಅವರು ಹೇಳಿದ್ದು ಇಷ್ಟು: "ಈರಪ್ಪ, ಎಲ್ಲಾರೂ ಪ್ಯಾಕಿಂಗೇ ಕೇಳ್ತಾರ. ಗದ್ದಲಾ ಅಷ್ಟ ಐತಿ ಅಂದ್ರ ಅಳಸಿ ತೋರಸು. ಮುಂದ ಮಾತಾಡೂಣು."

ನಮ್ಮ ಮನೆಯಲ್ಲಿ ಅಳತೆ ಎಂದರೆ ನಾನು. ಬಿದ್ದ ಮಳೆ, ತಡವಾದ ಬಸ್ಸು, ಖಾಲಿಯಾದ ಸಿಲಿಂಡರ್ ಎಲ್ಲಕ್ಕೂ ನನ್ನ ಡೈರಿಯಲ್ಲಿ ತಾರೀಖು ಉಂಟು. ಇಂಜಿನಿಯರಿಂಗ್ ಕಾಲೇಜಿನ ಗೆಳೆಯನೊಬ್ಬ ಅಳತೆಯ ಮೈಕ್ ಕೊಟ್ಟ. ಪೆನ್ಸಿಲ್‌ನಷ್ಟು ತೆಳ್ಳಗಿದೆ. ಹಾಡುವವರ ಮೈಕು ದನಿಗೆ ಸ್ವಲ್ಪ ಪೌಡರ್ ಹಚ್ಚುತ್ತದೆ. ಇದು ಹಾಗಲ್ಲ, ಕೇಳಿದ್ದನ್ನು ಕೇಳಿದಂತೆ ಒಪ್ಪಿಸುತ್ತದೆ.

ಆದರೆ ಈ ಮೈಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚುವಂತಿಲ್ಲ. ನಡುವೆ ಒಂದು ಡಬ್ಬಿ ಬೇಕು. ಅದೇ ಸೌಂಡ್ ಇಂಟರ್‌ಫೇಸ್. ಮೈಕಿಗೆ ನಲವತ್ತೆಂಟು ವೋಲ್ಟ್ ಕೊಡುವ ಡಬ್ಬಿಯೇ ಆಗಬೇಕು, ಅದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ಫ್ಯಾಂಟಮ್ ಎಂದರೆ ಭೂತ ಎಂದೆ. "ಭೂತದ ಕರೆಂಟ್ ಮನ್ಯಾಗ ಬ್ಯಾಡವಾ ತಾಯಿ!" ಎಂದು ಕಾಕು ಕೈ ಮುಗಿದಳು. ಜೊತೆಗೆ, ದನಿ ಏರಿಸುವ ಗುಂಡಿ ನಾವು ಇಟ್ಟಲ್ಲೇ ನಿಲ್ಲಬೇಕು, ತಾನಾಗಿ ಏರಿಳಿಯಬಾರದು. ಇಷ್ಟನ್ನೂ ಓದಿಕೊಂಡೇ ಬೆಳಗಾವಿಗೆ ಹೋದೆ.

ಮೈಕು, ಸ್ಪೀಕರ್ ಮಾರುವ ಅಂಗಡಿಯ ರಫೀಕ್ ಭಾಯ್ ನನ್ನೆದುರು ಎರಡು ಡಬ್ಬಿ ಇಟ್ಟರು. ಒಂದು ಸಾದಾ, ಒಂದು ಮಿರಿಮಿರಿ. ಎರಡರಲ್ಲೂ ವೋಲ್ಟ್ ಸರಿ, ಗುಂಡಿ ಸರಿ.

"ಯಾತಕ್ಕ ಬೇಕಾಗಿತ್ರಿ?"

"ಕಾರ್ಖಾನಿ ಗದ್ದಲಾ ಅಳಸಬೇಕಾಗೇತ್ರಿ, ಭಾಯ್."

"ಹಂಗಾರ ಸಾದಾದ್ದು ಬ್ಯಾಡ್ರಿ, ಅದು ಏನೂ ಮಾಡಂಗಿಲ್ಲ. ಇದನ್ನ ಒಯ್ರಿ. ಒಂದ್ ಸಪ್ಪಳಾನೂ ಬಿಡಂಗಿಲ್ಲ. ಪೂರಾ ಅಳಸತೈತಿ!"

ಒಂದು ಸಪ್ಪಳವನ್ನೂ ಬಿಡುವುದಿಲ್ಲ! ನನಗೆ ಇನ್ನೇನು ಬೇಕು? ಮನೆಗೆ ಬಂದು ಮಾತಾಡಿ ಪರೀಕ್ಷಿಸಿದೆ. ಪರದೆಯ ಮೇಲೆ ಸದ್ದು ತೋರಿಸುವ ಪಟ್ಟಿ ಚೆನ್ನಾಗಿ ಜಿಗಿಯಿತು.

ಮಂಗಳವಾರ ಶೆಡ್ಡು. ಕಾಕಾ ಗ್ರೈಂಡರ್ ಹಾಕಿದ. ಕಿಡಿ ಹಾರಿತು, ನನ್ನ ಹಲ್ಲು ಜುಮ್ಮೆಂದಿತು. ಪರದೆಯ ಮೇಲಿನ ಪಟ್ಟಿ ಒಮ್ಮೆ ಎದ್ದಿತು. ಮರುಕ್ಷಣ ಮಲಗಿಬಿಟ್ಟಿತು! ಗ್ರೈಂಡರ್ ಎಷ್ಟು ಕಿರುಚಿದರೂ ಏಳಲಿಲ್ಲ, ಯಾರಾದರೂ ಕೂಗಿದರೆ ಮಾತ್ರ ತುಸು ಜಿಗಿಯುತ್ತಿತ್ತು.

ಮಾಲಕರು ಬಗ್ಗಿ ನೋಡಿದರು. ಹೇಗೆ ಗೊತ್ತೇ? ಎರಡೂ ಕಿವಿಗೆ ಬೆರಳಿಟ್ಟುಕೊಂಡು! ಹಾಗೇ ನಿಂತು, "ನೋಡಪಾ ಈರಪ್ಪ, ಏನೂ ಇಲ್ಲ. ಮಷೀನ್ ಸುಳ್ಳ ಹೇಳ್ತೈತೇನು?" ಎಂದು ಕೂಗಿದರು.

ನನಗೆ ನಿಜವಾದ ಆಘಾತ ಅದಲ್ಲ. ಕಾಕಾ ಪರದೆ ನೋಡಿದ, ನನ್ನ ಮುಖ ನೋಡಿದ. "ಹಂಗಾರ ಗದ್ದಲಾ ಇಲ್ಲ ಬಿಡು. ನನ್ನ ಕಿವೀದ ಏನೋ ಕೆಟ್ಟೈತಿ" ಎಂದವನೇ ಮತ್ತೆ ಗ್ರೈಂಡರಿಗೆ ತುಂಡು ಹಿಡಿದ. ವರ್ಷಗಟ್ಟಲೆ ಅದರ ಮುಂದೆ ನಿಂತ ಮನುಷ್ಯ, ನಾನು ಮೊನ್ನೆ ತಂದ ಡಬ್ಬಿಯನ್ನು ನಂಬಿದ!

ವಾಪಸು ಬರುವಾಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳಿದೆ. ನನ್ನ ದನಿ ಇದೆ. ಕಾಕಾನ ಕೆಮ್ಮು ಇದೆ. ಮಾಲಕರ ಮಾತಿದೆ. ಗ್ರೈಂಡರ್ ಇಲ್ಲ! ಯಾವುದೋ ಖಾಲಿ ಕೋಣೆಯಲ್ಲಿ ಕುಳಿತು ನಾವೆಲ್ಲ ಸುಮ್ಮನೆ ಅರಚಾಡುತ್ತಿದ್ದಂತಿತ್ತು.

ಆಗ ತಲೆಗೆ ಹೊಳೆಯಿತು. ಅಳಸು! ನಮ್ಮ ಕಡೆ ಹೊಲ ಅಳಸುತ್ತೇವೆ, ಮಕ್ಕಳು ಬರೆಯುವ ಪಾಟಿಯನ್ನೂ ಅಳಸುತ್ತೇವೆ. ಅಳತೆ ಮಾಡಿಸುವುದಕ್ಕೂ ಒರೆಸಿ ಹಾಕುವುದಕ್ಕೂ ಒಂದೇ ಮಾತು. ನಾನು ಹೊಲದ ಅರ್ಥದಲ್ಲಿ ಕೇಳಿದ್ದೆ, ರಫೀಕ್ ಭಾಯ್ ಪಾಟಿಯ ಅರ್ಥದಲ್ಲಿ ಕೊಟ್ಟಿದ್ದರು. ಆನ್‌ಲೈನ್ ಪಾಠ ಮಾಡುವವರಿಗೆ ಫ್ಯಾನಿನ ಸದ್ದು ಒರೆಸಿಕೊಡುವ ಡಬ್ಬಿ ಅದು. ಗ್ರೈಂಡರನ್ನೂ ದೊಡ್ಡ ಫ್ಯಾನು ಎಂದುಕೊಂಡು ಒರೆಸಿತ್ತು.

ಮರುದಿನ ಹೋಗಿ ಹೇಳಿದರೆ ಭಾಯ್ ಹಣೆ ಬಡಿದುಕೊಂಡರು. "ಅಯ್ಯ, ಅಳತಿ ಅನ್ನಬಾರದೇನ್ರೀ! ಗದ್ದಲಾ ಜೋಪಾನ ಮಾಡಾಕ ಯಾರರ ಡಬ್ಬಿ ತಗೋತಾರ?" ನಕ್ಕು ಸಾದಾ ಡಬ್ಬಿ ಬದಲಿಸಿ ಕೊಟ್ಟರು. ಏನೂ ಮಾಡದ ಡಬ್ಬಿ. ಅದೇ ಅದರ ದೊಡ್ಡ ಗುಣ!

ಶುಕ್ರವಾರ ಮತ್ತೆ ಶೆಡ್ಡು. ಪಟ್ಟಿ ಕೆಂಪಿಗೆ ಏರಿ ಅಲ್ಲೇ ನಿಂತಿತು.

ಮಾಲಕರು ಗ್ರೈಂಡರ್ ನಿಲ್ಲಿಸಲು ಹೇಳಿದರು. "ಮೊನ್ನೆ ಇಲ್ಲ ಅಂದಿತ್ತು, ಇವತ್ತ ಐತಿ ಅಂತೈತಿ. ಯಾವದು ಖರೇ ತಿಳೀಬೇಕು?" ನ್ಯಾಯವಾದ ಪ್ರಶ್ನೆಯೇ. ನಾನು ಮಂಗಳವಾರದ ರೆಕಾರ್ಡಿಂಗನ್ನು ಅವರ ಕಿವಿಗೆ ಕೊಟ್ಟೆ. ಕೇಳಿದರು. ಹುಬ್ಬು ಗಂಟಿಕ್ಕಿತು. ಇಯರ್‌ಫೋನ್ ಕಿತ್ತರು.

"ಏ, ಇದು ನಮ್ಮ ಶೆಡ್ ಅಲ್ಲ! ಇಲ್ಲೆ ನನ್ನ ಮಾತು ನನಗ ಕೇಳಸಂಗಿಲ್ಲ."

ಹೇಳಿದ ಮೇಲೆ ಅವರೇ ಬೆಚ್ಚಿದರು. ಕಾಕಾನ ಕಡೆ ತಿರುಗಿ, "ಸೋಮವಾರದಿಂದ ಪ್ಯಾಕಿಂಗಿಗೆ ಬಾರಪಾ" ಎಂದರು. ಕಾಕಾನಿಗೆ ಅದನ್ನು ನಾನು ಕಿವಿಯ ಹತ್ತಿರ ಹೋಗಿ ಮತ್ತೊಮ್ಮೆ ಹೇಳಬೇಕಾಯಿತು.

ಅವನ ಮುಖ ಅರಳಿತು. ಕೈಗವಸು ಕಳಚಿ ಗ್ರೈಂಡರ್ ಮೇಲಿಟ್ಟ. ಆಮೇಲೆ ಕೇಳಿದ: "ಭಾಳ ಚಲೋ ಆತ್ರಿ ಮಾಲಕರ. ಮತ್ತ ನನ್ನ ಜಾಗಾದಾಗ ಯಾರ್ ನಿಂದರ್ತಾರ್ರಿ?"

ಗ್ರೈಂಡರ್ ನಿಂತಿತ್ತು. ಶೆಡ್ಡು ಈಗ ನಿಜವಾಗಿಯೂ ಶಾಂತ. ಮಾಲಕರು ಮೊಬೈಲ್ ತೆಗೆದು ನೋಡುತ್ತ ಹೊರಗೆ ನಡೆದರು.

ಹಾಗಾದರೆ ಕಿವಿ ಕೆಟ್ಟಿದ್ದು ಯಾರದು?