ಬರಮಣ್ಣನ ಹರಿಗೋಲಿನಲ್ಲಿ ಹೆಣ್ಣು ನೋಡಲು ಹೋದದ್ದು

ಇಲ್ಲ... ನಾನು ನಂಬುವುದಿಲ್ಲ.

ಬೆಳಿಗ್ಗೆ ಭಾಮೈದ ಫೋನ್ ಮಾಡಿ, "ಮಾವಾ, ಬರಮಣ್ಣ ಹೋಗಿಬಿಟ್ಟ" ಅಂದ.
"ಎಲ್ಲಿಗಲೇ? ಹಡಗಲಿಗಾ?" ಅಂತ ಕೇಳಿದೆ.
ಆ ಕಡೆಯಿಂದ...
ಬರೀ ಅಳು.

ಫ್ರೆಂಡ್ಸ್, ನಿಮ್ಮಲ್ಲಿ ಬಹಳ ಜನರಿಗೆ ಬರಮಣ್ಣ ಗೊತ್ತಿಲ್ಲ.
ಅವನ ಫೋಟೋ ಕೂಡ ನನ್ನ ಮೊಬೈಲಿನಲ್ಲಿಲ್ಲ. ಕ್ಯಾಮೆರಾ ಹಿಡಿದರೆ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ.

ಹೂವಿನಹಡಗಲಿ ತಾಲ್ಲೂಕು ಮುಗಿಯುವ ಕಡೆ ತುಂಗಭದ್ರೆ ಇದೆಯಲ್ಲ...
ಆಚೆ ದಡದಲ್ಲಿ ನನ್ನ ಮಾವನ ಮನೆ.
ಈಗ ಸೇತುವೆ ಮೇಲೆ ಬಸ್ಸು ಓಡುತ್ತದೆ. ತೊಂಬತ್ತರ ದಶಕದಲ್ಲಿ ದಾಟಬೇಕೆಂದರೆ ಬರಮಣ್ಣನ ಹರಿಗೋಲೇ ಗತಿ.
ಬಿದಿರು ಹೆಣೆದು ಡಾಂಬರು ಬಳಿದ ದೊಡ್ಡ ಬುಟ್ಟಿ.
ಅದರಲ್ಲೇ ಮಲ್ಲಿಗೆ ಮೊಗ್ಗಿನ ಗಂಟು, ಅದರಲ್ಲೇ ಮೇಕೆ, ಅದರಲ್ಲೇ ಯಾರದೋ ಬೈಕು!

ಅದರೊಳಗೆ ಕಾಲಿಟ್ಟರೆ ಊರ ಗೌಡನಾದರೂ ಅವನು ತೋರಿಸಿದ ಜಾಗದಲ್ಲೇ ಕೂರಬೇಕು.
ಭಾರ ನೋಡಿ ಎದುರುಬದುರು ಕೂಡಿಸುತ್ತಿದ್ದ. ಆಮೇಲೆ ಯಾರೂ ಏಳುವಂತಿಲ್ಲ.

ನಾನು ಹೊಸಹಳ್ಳಿಯವನು... ಮಳೆ ಬಂದರೆ ಕೆರೆ, ಇಲ್ಲದಿದ್ದರೆ ದನ ಮೇಯುವ ಬಯಲು. ಅಂಥ ಊರು ನಮ್ಮದು.
ಆದರೆ ಬಾಯಿಗೇನು ಬರಗಾಲ?
ಹೆಣ್ಣು ನೋಡಲು ಹೊರಟ ದಿನ ಅಪ್ಪ, ಅವ್ವ, ನಾನು ಹರಿಗೋಲು ಹತ್ತಿದೆವು.
ಗರಿಗರಿ ಇಸ್ತ್ರಿ ಅಂಗಿ, ತಲೆಗೆ ಎಣ್ಣೆ... ಹೀರೋ ಕಳೆ ಬಂದಿತ್ತು, ಸುಳ್ಳಲ್ಲ.

ಆಚೆ ದಡದಲ್ಲಿ ಹೆಣ್ಣಿನ ಅಪ್ಪ ನಮ್ಮನ್ನು ಎದುರುಗೊಳ್ಳಲು ನಿಂತಿದ್ದರು. ಪಕ್ಕದಲ್ಲಿ ನೀರಿನ ನೆಪಕ್ಕೆ ಕೊಡ ಹಿಡಿದು ಬಂದ ಹುಡುಗಿಯರ ಗುಂಪು.
ಅದರಲ್ಲೇ ಅವಳೂ ಇರಬೇಕು ಅಂದುಕೊಂಡೆ...
ತಡೆಯಲಾಗಲಿಲ್ಲ.

"ಹುಟ್ಟು ಇಲ್ಲಿ ಕೊಡೋ, ನಾನೂ ಹಾಕ್ತೀನಿ" ಅಂದೆ.
ಬರಮಣ್ಣ ಮೇಲೆ ಕೆಳಗೆ ನೋಡಿದ. "ಮೊದ್ಲು ಯಾವಾಗರ ಹಾಕೀರೇನ್ರಿ?"
"ನೀರಾಗೇ ಹುಟ್ಟೀನಿ ಅನ್ಕೋ."
"ಹೊಸಹಳ್ಳ್ಯಾಗ?" ಅಂದ ಅವನು.
ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅವನು ಹುಟ್ಟು ಕೊಟ್ಟ...

ನಾನು ಜೋರಾಗಿ ನೀರಿಗೆ ಹಾಕಿದೆ.
ಹರಿಗೋಲು ಮುಂದೆ ಹೋಗಲಿಲ್ಲ. ತಿರುಗಿತು.
ಇನ್ನೂ ಜೋರಾಗಿ ಹಾಕಿದೆ... ಇನ್ನೂ ಜೋರಾಗಿ ತಿರುಗಿತು!
ಅಪ್ಪನ ರುಮಾಲು ಹೊಳೆಗೆ ಬಿತ್ತು. ನಾವು ಬುಗುರಿಯಂತೆ ತಿರುಗುತ್ತಾ ತಿರುಗುತ್ತಾ ಕೆಳಗೆ ತೇಲಿದೆವು.
ದಡದ ಮೇಲೆ ಕೊಡ ಹಿಡಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು.
ಕೊನೆಗೆ ಬರಮಣ್ಣ ಹುಟ್ಟು ಕಸಿದುಕೊಂಡು ದಡ ಮುಟ್ಟಿಸಿದ.

ಹೆಣ್ಣಿನ ಅಪ್ಪ ನಗಲಿಲ್ಲ.
ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಅಪ್ಪನಿಗೆ ನೇರವಾಗಿ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ. ಬರೇ ಬಾಯಿ ಇರೋ ಹುಡುಗಗ ನನ್ನ ಮಗಳ್ನ ಹೆಂಗ ಕೊಡ್ಲಿ? ಇವತ್ತ ನಿಮ್ಮನ್ನೆಲ್ಲ ಮುಳುಗಿಸ್ತಿದ್ದ."
ಅಪ್ಪ ತಲೆ ತಗ್ಗಿಸಿದರು.
ಹುಡುಗಿ ಚಹಾ ತಂದಿಟ್ಟಾಗ ನಾನು ಒಂದೇ ಸಲ ನೋಡಿದ್ದೆ. ಆ ಒಂದು ಸಲಕ್ಕೇ ಆಗಿಹೋಗಿತ್ತು... ಇನ್ನು ಬೇರೆ ಹೆಣ್ಣು ನನಗೆ ಬೇಡವಾಗಿತ್ತು.
ನನ್ನ ತಟ್ಟೆಯ ಉಪ್ಪಿಟ್ಟು ಹಾಗೇ ಉಳಿಯಿತು. ಯೋಚಿಸಿರಿ, ನನ್ನ ತಟ್ಟೆಯದು!

ನಾವು ಏಳುವ ಹೊತ್ತಿಗೆ, ನಮ್ಮ ಜೊತೆ ಬಂದು ಹೊರಗೆ ಕಟ್ಟೆ ಮೇಲೆ ಕೂತಿದ್ದ ಬರಮಣ್ಣ ನೀರು ಕುಡಿಯುತ್ತೇನೆಂದು ಹಿತ್ತಲಿಗೆ ಹೋದ.
ಸ್ವಲ್ಪ ಹೊತ್ತಿನಲ್ಲಿ ಹುಡುಗಿ ತನ್ನ ಅಪ್ಪನನ್ನು ಒಳಗೆ ಕರೆದಳು.
ಹೊರಗೆ ಬಂದವರು ನಮ್ಮ ಅಪ್ಪನಿಗೆ, "ಹುಡುಗಿ ಒಪ್ಯಾಳ. ನಾ ಏನ್ ಮಾಡ್ಲಿ" ಅಂದರು.

ಬರಮಣ್ಣಾ...
ಹಿತ್ತಲಲ್ಲಿ ಏನು ಹೇಳಿದ್ದೆಯೋ ಮಾರಾಯ?
ಮದುವೆಯಾಗಿ ಎಷ್ಟು ಸಲ ನಿನ್ನ ಹರಿಗೋಲು ಹತ್ತಿದೆ, ಎಷ್ಟು ಸಲ ಕೇಳಿದೆ...
"ಹುಡುಗನ ಮಾರಿ ಚಂದ ಐತಿ ಅಂದೆ ಅಳಿಯಾ" ಅಂತ ಹೇಳಿ ನೀನು ಬೀಡಿ ಹಚ್ಚುತ್ತಿದ್ದೆ.
ನಾನು ಅದನ್ನೇ ನಂಬಿದ್ದೆ. ಕೊಟ್ಟೂರಿನ ಸಂತೆಯವರೆಗೂ ಹೇಳಿಕೊಂಡು ತಿರುಗಿದ್ದೆ. ನಂಬದೇ ಇರಲು ಕನ್ನಡಿಯಲ್ಲಿ ಕಾರಣವೂ ಕಾಣಲಿಲ್ಲ.

ಸೇತುವೆ ಆದ ಮೇಲೆ ನೀನು ಮೀನಿನ ಬಲೆ ಹಿಡಿದೆ. ನಾನು ಬಸ್ಸಿನಲ್ಲಿ ಬಂದಾಗಲೂ, "ಬಸ್ಸಿನ ಸ್ಟೇರಿಂಗ್ ಮುಟ್ಟಿಲ್ಲಲ್ಲ?" ಅಂತ ನನ್ನನ್ನು ರೇಗಿಸುತ್ತಿದ್ದೆ.
ಇನ್ನು ಯಾರು ನನ್ನನ್ನು ಹಾಗೆ ರೇಗಿಸಬೇಕು?

ಇವತ್ತು ಸುದ್ದಿ ಕೇಳಿ ನನ್ನ ಹೆಂಡತಿ ಶಾಂತಾ ಬಾಗಿಲಲ್ಲೇ ಕುಸಿದು ಕೂತಳು.
ಅತ್ತು ಅತ್ತು... ಆಮೇಲೆ ತಾನಾಗಿಯೇ ಹೇಳಿದಳು.

"ಅವತ್ತ ಹಿತ್ತಲಾಗ ಬರಮಣ್ಣ ನನ್ನ ಕರದು, 'ತಂಗೀ, ಇವಗ ಹುಟ್ಟು ಹಾಕಾಕ ಬರಂಗಿಲ್ಲ, ಬಾಯಿ ಭಾಳ ಐತಿ. ಆದ್ರ ಹರಿಗೋಲು ತಿರುಗಿದಾಗ ಎಲ್ಲಾರೂ ಅಂಚು ಹಿಡೀತಾರ. ಇವ ಒಂದ್ ಕೈಯಾಗ ಅವರವ್ವನ ಕೈ ಹಿಡದಿದ್ದ. ದಡ ಬರೂತನ ಬಿಡ್ಲಿಲ್ಲ. ಕಣ್ಣು ಮುಚ್ಚಿ ಒಪ್ಕೋ' ಅಂದಿದ್ದ. ನಿಮಗ ಹೇಳಬ್ಯಾಡ, ಇನ್ನಾ ಉಬ್ಬತಾನ ಅಂತನೂ ಅಂದಿದ್ದ."

ನಾನು ಎದ್ದು ಹಿತ್ತಲಿಗೆ ಹೋದೆ.

ಬರಮಣ್ಣಾ, ಶಾಂತಾಗೆ ಹೇಳಿಲ್ಲ, ನಿನಗಷ್ಟೇ ಹೇಳುತ್ತೇನೆ...
ಅವತ್ತು ಅವ್ವನಿಗೆ ಅಂಜಿಕೆಯೇ ಇರಲಿಲ್ಲ ಕಣೋ.
ಅಂಜಿದ್ದವನು ನಾನು!
ಅದಕ್ಕೇ ಅವ್ವನ ಕೈ ಹಿಡಿದಿದ್ದೆ.

ನೀನು ಎದುರಿಗೇ ಕೂತಿದ್ದೆ. ನನ್ನ ಮುಖ ನೋಡಿದ್ದೆ.
ನಿನಗೆ ಗೊತ್ತಾಗದೇ ಇರುತ್ತದೆಯೇ?
ಗೊತ್ತಿದ್ದೂ ನನಗೊಂದು ಸಂಸಾರ ಕಟ್ಟಿಕೊಟ್ಟೆಯಲ್ಲೋ...

ಶಾಂತಾ ಸೀರೆ ಬದಲಿಸಿ ನಿಂತಿದ್ದಾಳೆ. ನಿನಗೆ ಮಣ್ಣು ಕೊಡಲು ಹೊರಟಿದ್ದೇವೆ.

ಹೋಗಿ ಬಾ ಗೆಳೆಯಾ...
ನಿನ್ನ ಜೀವ ತಣ್ಣಗಿರಲಿ, ನಿನ್ನ ಮನೆಯವರಿಗೆ ಆ ತಾಯಿ ತುಂಗಭದ್ರೆ ಧೈರ್ಯ ಕೊಡಲಿ.
🙏